ಚಳಿ ಹೇಳುವ ಚಾಡಿ

ಮಲೆನಾಡಿನ ಜಯಪುರದ ಕಡೆ ಡೀಸೆಲ್ ಎಂಜಿನ್ನಿಗೆ ಕೆಲಸ ಹೆಚ್ಚುವುದೇ ಚಳಿಗಾಲದಲ್ಲಿ. ಕೊಯ್ದ ಕಾಫಿ ಹಣ್ಣನ್ನು ಅಂದಂದೇ ಪಲ್ಪರ್‌ಗೆ ಹಾಕಬೇಕು. ಆ ಗಡಿಬಿಡಿ ಮುಗಿಯುವಷ್ಟರಲ್ಲಿ ಫೆಬ್ರವರಿ ಬರುತ್ತದೆ, ರೊಬಸ್ಟಾಗೆ ಸ್ಪ್ರಿಂಕ್ಲರ್ ಹಿಡಿಯಬೇಕು. ಮೊಗ್ಗು ಬಲಿತ ಮೇಲೆ ಒಂದು, ಒಂದೂವರೆ ಇಂಚಿನಷ್ಟು ನೀರು ಹೊತ್ತಿಗೆ ಸರಿಯಾಗಿ ಸಿಗದಿದ್ದರೆ ಆ ವರ್ಷದ ಫಸಲಿಗೇ ಪೆಟ್ಟು. ತ್ರೀ ಫೇಸ್ ಕರೆಂಟನ್ನೇ ನಂಬಿ ಕೂರುವಂತಿಲ್ಲ. ಹೀಗಾಗಿ ಹಳ್ಳದ ದಂಡೆಯಲ್ಲಿ ಎಂಜಿನ್ ಇರಲೇಬೇಕು. ಮಂಜು ಕವಿದ ಬೆಳಗ್ಗೆ ಅದು ಸ್ಟಾರ್ಟ್ ಆಗದಿದ್ದರೆ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಥಂಡಿ ಹಿಡಿದಿದೆ.’

ಒಂದೇ ಸಿಲಿಂಡರಿನ, ಹ್ಯಾಂಡಲ್ ಹೊಡೆದು ಸ್ಟಾರ್ಟ್ ಮಾಡುವ 5 ಅಶ್ವಶಕ್ತಿಯ ಎಂಜಿನ್ ಜೊತೆ ಹಲವು ಚಳಿಗಾಲ ಏಗಿದ ನನಗೆ ಈ ಮಾತಿನಲ್ಲಿ ನಂಬಿಕೆ ಉಳಿದಿಲ್ಲ. ಡೀಸೆಲ್ಲೇ ಹೆಪ್ಪುಗಟ್ಟುವ ಚಳಿ ಲಡಾಖಿನದು. ಅಲ್ಲಿಗೆಂದೇ ಇಂಡಿಯನ್ ಆಯಿಲ್ 2019ರಲ್ಲಿ ಮೈನಸ್ 33 ಡಿಗ್ರಿಯಲ್ಲೂ ಹರಿಯುವ ಡೀಸೆಲ್ ತಂದಿತು. ನಮ್ಮದು ಸ್ವೆಟರ್ ಹಾಕಿದರೆ ತಡೆಯುವ ಚಳಿ. ಆರೋಗ್ಯವಾಗಿರುವ ಎಂಜಿನ್ ಇದಕ್ಕೆ ಜಗ್ಗುವುದಿಲ್ಲ. ಒಳಗೆ ಅಡಗಿರುವ ದೋಷದ ಬಗ್ಗೆ ಚಳಿ ನಮಗೆ ಚಾಡಿ ಹೇಳುತ್ತದೆ, ಅಷ್ಟೇ.

ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಹದಿನಾರು, ಹದಿನೇಳು ಪಟ್ಟು ಒತ್ತಿದಾಗ ಹುಟ್ಟುವ ಬಿಸಿಯೇ ಅದರ ಕಿಡಿ. ಎಂಜಿನ್ ಚೆನ್ನಾಗಿದ್ದರೆ ಆ ಗಾಳಿ 500 ಡಿಗ್ರಿ ಮುಟ್ಟುತ್ತದೆ. ಡೀಸೆಲ್ ಹೊತ್ತಿಕೊಳ್ಳಲು ಅದರ ಅರ್ಧದಷ್ಟು ಸಾಕು. ಹೊರಗಿನ ಗಾಳಿ 15 ಡಿಗ್ರಿ ತಣ್ಣಗಾದರೆ ಒತ್ತಿದ ಗಾಳಿಯಲ್ಲಿ ಸುಮಾರು 40 ಡಿಗ್ರಿ ಖೋತಾ. ಅದರ ಜೊತೆಗೆ ಎಂಜಿನ್ ಆಯಿಲ್ ಗಟ್ಟಿಯಾಗಿ ಹ್ಯಾಂಡಲ್ ಭಾರವಾಗುತ್ತದೆ, ಸುತ್ತು ನಿಧಾನವಾಗುತ್ತದೆ. ನಿಧಾನವಾದಷ್ಟೂ ಬಿಸಿ ತಣ್ಣನೆಯ ಗೋಡೆಗೆ ಇಳಿಯುತ್ತದೆ, ಗಾಳಿ ರಿಂಗಿನ ಸಂದಿಯಲ್ಲಿ ಸೋರುತ್ತದೆ. ರಿಂಗು, ವಾಲ್ವು, ನಾಝಲ್ ಸರಿಯಿದ್ದರೆ ಈ ನಷ್ಟವನ್ನೆಲ್ಲ ತುಂಬಿಕೊಂಡೂ ಎಂಜಿನ್ ಹೊತ್ತಿಕೊಳ್ಳುತ್ತದೆ. ಅವು ಸವೆದಿದ್ದರೆ ಮಧ್ಯಾಹ್ನ ನಡೆಯುವ ಎಂಜಿನ್ ಬೆಳಗ್ಗೆ ಕೈಕೊಡುತ್ತದೆ.

ಹಾಗಾಗಿ ಸ್ಪ್ಯಾನರ್ ಹಿಡಿಯುವ ಮೊದಲು ಸೈಲೆನ್ಸರ್ ಕಡೆ ನೋಡಬೇಕು. ಎಷ್ಟು ಹ್ಯಾಂಡಲ್ ಹೊಡೆದರೂ ಹೊಗೆಯೇ ಇಲ್ಲವೆಂದರೆ ಡೀಸೆಲ್ ಸಿಲಿಂಡರ್ ತಲುಪುತ್ತಿಲ್ಲ. ಕಣ್ಣುರಿಸುವ ಬಿಳಿ ಹೊಗೆ, ಹಸಿ ಡೀಸೆಲ್ ವಾಸನೆ ಬಂದರೆ ಡೀಸೆಲ್ ಬರುತ್ತಿದೆ, ಉರಿಯುತ್ತಿಲ್ಲ. ಈ ಎರಡರಲ್ಲಿ ಯಾವುದು ಎಂಬುದು ತಿಳಿದರೆ ಅರ್ಧ ರಿಪೇರಿ ಆದಂತೆ.

ಹೊಗೆ ಇಲ್ಲದಿದ್ದಾಗ ನಾನು ಕಿವಿ ಕೊಡುವುದು ನಾಝಲ್ ಸದ್ದಿಗೆ. ನಿಧಾನವಾಗಿ ಸುತ್ತುವಾಗ ‘ಕಿರ್‍ರ್’ ಎಂದು ಕಿರುಗುಟ್ಟಿದರೆ ಡೀಸೆಲ್ ಸಿಡಿಯುತ್ತಿದೆ ಎಂದರ್ಥ. ಸದ್ದೇ ಇಲ್ಲದಿದ್ದರೆ ಬಹುಪಾಲು ಏರ್ ಹಿಡಿದಿರುತ್ತದೆ. ಟ್ಯಾಂಕ್ ಖಾಲಿಯಾಗುವವರೆಗೆ ಓಡಿಸಿದ್ದರೆ, ತಾಮ್ರದ ವಾಷರ್ ಚಪ್ಪಟೆಯಾಗಿದ್ದರೆ ಪೈಪಿನಲ್ಲಿ ಗಾಳಿ ನಿಲ್ಲುತ್ತದೆ. ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ ಗುಳ್ಳೆ ನಿಲ್ಲುವತನಕ ಡೀಸೆಲ್ ಹೊರಬಿಡಬೇಕು, ಆಮೇಲೆ ಪಂಪಿನ ಬಳಿ, ಕೊನೆಗೆ ನಾಝಲ್ ನಟ್ ಬಳಿ. ಈ ಕ್ರಮ ತಪ್ಪಿಸಿದರೆ ಮತ್ತೆ ಮೊದಲಿಂದ ಶುರು. ಟ್ಯಾಂಕಿನ ಮುಚ್ಚಳದ ಸಣ್ಣ ತೂತನ್ನೂ ನೋಡಬೇಕು. ಅಡಿಕೆ ಸುಲಿಯುವ ಕಡೆಯ ದೂಳಿಗೆ ಅದು ಮುಚ್ಚಿಹೋಗಿ ಡೀಸೆಲ್ ಇಳಿಯದಿರುವುದುಂಟು.

ಮಲೆನಾಡಿನವರು ವಿಶೇಷವಾಗಿ ಗಮನಿಸಬೇಕಾದದ್ದು ನೀರು. ಮಳೆಗಾಲವಿಡೀ ಅರ್ಧ ತುಂಬಿದ ಟ್ಯಾಂಕ್ ಶೆಡ್ಡಿನಲ್ಲಿ ಕೂತರೆ ಒಳಗಿನ ತೇವದ ಗಾಳಿ ನೀರಾಗಿ ತಳ ಸೇರುತ್ತದೆ. ಒಂದು ಡಿಸೆಂಬರಿನಲ್ಲಿ ನನ್ನ ಎಂಜಿನ್ ಬಿಳಿ ಹೊಗೆಯನ್ನಷ್ಟೇ ಕಾರುತ್ತಿತ್ತು. ನಾಝಲ್ ಬದಲಿಸಬೇಕೆಂಬ ಸಲಹೆ ಬಂತು. ಅದಕ್ಕೆ ಮುಂಚೆ ಫಿಲ್ಟರಿನ ತಳದ ಡೀಸೆಲನ್ನು ಗಾಜಿನ ಲೋಟಕ್ಕೆ ಇಳಿಸಿ ಇಟ್ಟೆ. ಸ್ವಲ್ಪ ಹೊತ್ತಿಗೆ ಅಡಿಯಲ್ಲಿ ನೀರು ಬೇರೆಯಾಗಿ ನಿಂತಿತು. ಟ್ಯಾಂಕ್ ತೊಳೆದು ಹೊಸ ಫಿಲ್ಟರ್ ಹಾಕಿದ ಮೇಲೆ ಹಳೆಯ ನಾಝಲ್ಲೇ ಕೆಲಸ ಮಾಡಿತು.

ಡೀಸೆಲ್ ಶುದ್ಧವಿದ್ದೂ ಬಿಳಿ ಹೊಗೆ ಬಂದರೆ ಸಂಶಯ ಕಂಪ್ರೆಷನ್ ಮೇಲೆ ಹೋಗಬೇಕು. ಡಿಕಂಪ್ರೆಷನ್ ಲಿವರ್ ಎತ್ತದೆ ಹ್ಯಾಂಡಲ್ ತಿರುಗಿಸಿ ನೋಡಿ. ಸ್ಪ್ರಿಂಗಿನಂತೆ ಹಿಂದಕ್ಕೆ ಒದೆಯಬೇಕು. ಮೆತ್ತಗೆ ದಾಟಿಹೋದರೆ ಸೋರಿಕೆ ಇದೆ. ನಾಝಲ್ ತೂತಿನಿಂದ ಒಂದೆರಡು ಚಮಚ ಎಂಜಿನ್ ಆಯಿಲ್ ಬಿಟ್ಟು, ನಾಲ್ಕು ಸುತ್ತು ತಿರುಗಿಸಿ, ನಾಝಲ್ ಕೂರಿಸಿ ಮತ್ತೆ ನೋಡಿದಾಗ ಒದೆತ ಗಟ್ಟಿಯಾದರೆ ರಿಂಗ್ ಸವೆದಿದೆ. ಹಾಗೆಯೇ ಇದ್ದರೆ ವಾಲ್ವ್ ಸೀಟ್ ಅಥವಾ ಹೆಡ್ ಗ್ಯಾಸ್ಕೆಟ್. ಟ್ಯಾಪೆಟ್ ಬಿಗಿಯಾಗಿ ವಾಲ್ವ್ ಪೂರ್ತಿ ಕೂರದಿರುವುದೂ ಉಂಟು. ಅದಕ್ಕೆ ಫೀಲರ್ ಗೇಜ್ ಸಾಕು, ದುಡ್ಡು ಖರ್ಚಿಲ್ಲ.

ಊರಿನ ಕೆಲವು ಉಪಾಯಗಳ ಬಗ್ಗೆಯೂ ಹೇಳಬೇಕು. ಸಿಲಿಂಡರ್ ಜಾಕೆಟ್ಟಿಗೆ ಬಿಸಿ ನೀರು ಹೊಯ್ಯುವುದು ಒಳ್ಳೆಯದೇ, ಕುದಿಯುವ ನೀರು ಮಾತ್ರ ಬೇಡ. ಈಥರ್ ಸ್ಪ್ರೇ ಹೊತ್ತಿಗೆ ಮುಂಚೆಯೇ ಸಿಡಿದು ರಿಂಗ್, ಪಿಸ್ಟನ್ ಮುರಿಯಬಲ್ಲದು. ಹ್ಯಾಂಡಲ್ ಹಿಡಿದವನ ಕೈಯನ್ನೂ. ಗಾಳಿಯ ಬಾಯಿಗೆ ಉರಿಯುವ ಬಟ್ಟೆ ಹಿಡಿದರೆ ಬೂದಿ, ಚಿಂದಿ ಎಲ್ಲ ಒಳಗೆ ಹೋಗುತ್ತದೆ, ಪಕ್ಕದಲ್ಲೇ ಡೀಸೆಲ್ ಕ್ಯಾನ್ ಇರುತ್ತದೆ. ಸರಿಯಾದ ರೀತಿಯಲ್ಲಿ ಹ್ಯಾಂಡಲ್ ಹೊಡೆಯುವುದೇ ಇವೆಲ್ಲಕ್ಕಿಂತ ಮೇಲು. ಲಿವರ್ ಎತ್ತಿ, ವೇಗ ಪೂರ್ತಿ ಬಂದ ಮೇಲಷ್ಟೇ ಇಳಿಸಿ. ಹೆಬ್ಬೆರಳು ಉಳಿದ ಬೆರಳುಗಳ ಕಡೆಗೇ ಇರಲಿ. ಹ್ಯಾಂಡಲ್ ಹಿಂದಕ್ಕೆ ಒದ್ದರೆ ಮುರಿಯುವುದು ಅದೇ. ಹೆಗಲ ಮೇಲಿನ ಶಾಲು ತೆಗೆದಿಟ್ಟೇ ಎಂಜಿನ್ ಹತ್ತಿರ ಹೋಗಿ.

ಇಷ್ಟರ ಮೇಲೂ ನನ್ನ ಸಲಹೆ ಕೇಳುವವರಿಗೆ ಹೇಳುವುದು ಇಷ್ಟೇ: ಮಳೆಗಾಲಕ್ಕೆ ಎಂಜಿನ್ ನಿಲ್ಲಿಸುವ ದಿನ ಟ್ಯಾಂಕ್ ಕಂಠಮಟ್ಟ ತುಂಬಿಸಿ. ಕೊಯ್ಲಿಗೆ ಮುಂಚೆ, ನವೆಂಬರಿನಲ್ಲೇ ತಳದ ನೀರು ಇಳಿಸಿ, ಡೀಸೆಲ್ ಫಿಲ್ಟರ್ ಬದಲಿಸಿ, ಏರ್ ಫಿಲ್ಟರ್ ತೊಳೆಯಿರಿ. ತಯಾರಕರು ಹೇಳಿದ ದರ್ಜೆಯ ಹೊಸ ಆಯಿಲ್ ಹಾಕಿ, ಟ್ಯಾಪೆಟ್ ನೋಡಿ, ಪೊಟ್ಟಣದಲ್ಲಿ ನಾಲ್ಕು ತಾಮ್ರದ ವಾಷರ್ ಇಟ್ಟುಕೊಳ್ಳಿ. ಹೂವಿಗೆ ನೀರು ಕೊಡಬೇಕಾದ ಬೆಳಗ್ಗೆ ಮೆಕ್ಯಾನಿಕ್‌ಗಾಗಿ ಕೊಪ್ಪಕ್ಕೆ ಓಡುವುದಕ್ಕಿಂತ ಈ ಅರ್ಧ ದಿನದ ಕೆಲಸ ಅಗ್ಗ.