ಮಗನ ಫೋನ್ ನೋಡಿದ್ದಕ್ಕೆ ಪ್ರಾಯಶ್ಚಿತ್ತವಿದೆಯೇ?

ಪ್ರಶ್ನೆ: ನಮ್ಮದು ಸಂಪ್ರದಾಯಸ್ಥ ಮನೆತನ. ಮಗನಿಗೆ 28 ವರ್ಷ, ಸಾಫ್ಟ್‌ವೇರ್ ಕೆಲಸ. ಎರಡು ವರ್ಷದ ಹಿಂದೆ ಹತ್ತು ದಿನದ ವಿಪಶ್ಯನ ಶಿಬಿರಕ್ಕೆ ಹೋಗಿ ಬಂದ ಮೇಲೆ ಬೌದ್ಧರ ಪಂಚಶೀಲ ಪಾಲಿಸುತ್ತೇನೆ ಎನ್ನುತ್ತಾನೆ. ಸಂಧ್ಯಾವಂದನೆಯನ್ನೂ ಬಿಟ್ಟಿಲ್ಲ. ಅವನಿಗೆ ಹೆಣ್ಣು ನೋಡುತ್ತಿದ್ದೇವೆ. ಕಳೆದ ತಿಂಗಳು ಅವನು ಸ್ನಾನಕ್ಕೆ ಹೋದಾಗ ಫೋನ್ ತೆಗೆದು ನೋಡಿದೆ. ಒಬ್ಬ ಹುಡುಗಿಯ ಜೊತೆ ಬಹಳ ಸಲಿಗೆಯ ಸಂದೇಶಗಳು, ಫೋಟೋಗಳು ಇದ್ದವು. ಗಾಬರಿಯಲ್ಲಿ ನಾದಿನಿಗೆ ಹೇಳಿಬಿಟ್ಟೆ. ಈಗ ನೆಂಟರಿಗೆಲ್ಲ ಗೊತ್ತಾಗಿದೆ. ಮಗನನ್ನು ಕೇಳಿದರೆ, "ನಾನು ಮೂರನೆಯ ಶೀಲ ಮುರಿದಿಲ್ಲಮ್ಮ, ನೀನು ಎರಡನೆಯದನ್ನು ಮುರಿದೆ" ಎಂದ. ಮೂರು ವಾರದಿಂದ ಮಾತಿಲ್ಲ. ಅವನು ಹೇಳಿದ್ದು ಸರಿಯೇ? ಜಾತಕದಲ್ಲಿ ಶುಕ್ರ, ಕುಜ ಒಟ್ಟಿಗಿದ್ದಾರೆ, ಅದರ ದೋಷವೇ? ಯಾವ ಶಾಂತಿ ಮಾಡಿಸಬೇಕು?
– ಹೆಸರು ಬೇಡ, ಬೆಂಗಳೂರು

ಉತ್ತರ: ತಾಯೀ, ನಾನು ಪಾಠಶಾಲೆಯಲ್ಲಿ ಯಜುರ್ವೇದ ಕಲಿತವನು, ಬೌದ್ಧ ಆಚಾರ್ಯನಲ್ಲ. ಆದರೂ ನಿಮ್ಮ ಮಗ ಯಾವ ಶಾಸ್ತ್ರದ ಮಾತಾಡಿದ್ದಾನೋ ಅದೇ ಶಾಸ್ತ್ರದಲ್ಲಿ ಉತ್ತರ ಹುಡುಕುವುದು ನ್ಯಾಯ.

ಪಂಚಶೀಲ ಎಂದರೆ ಕೊಲ್ಲದಿರುವುದು, ಕೊಡದ್ದನ್ನು ತೆಗೆದುಕೊಳ್ಳದಿರುವುದು, ಕಾಮದಲ್ಲಿ ತಪ್ಪು ನಡೆಯದಿರುವುದು, ಸುಳ್ಳಾಡದಿರುವುದು, ಮತ್ತು ಬರಿಸುವ ಪದಾರ್ಥ ಬಿಡುವುದು. ಇವು ನಮಗೇನೂ ಹೊರಗಿನವಲ್ಲ. ಪತಂಜಲಿಯ ಯಮಗಳಲ್ಲಿ ಅಹಿಂಸೆ, ಸತ್ಯ, ಅಸ್ತೇಯ, ಬ್ರಹ್ಮಚರ್ಯ ಇವೆ. ಮನುವೂ ಅಹಿಂಸೆ, ಸತ್ಯ, ಅಸ್ತೇಯ, ಶೌಚ, ಇಂದ್ರಿಯನಿಗ್ರಹ ಇವನ್ನು ನಾಲ್ಕೂ ವರ್ಣಕ್ಕೆ ಸಾಮಾನ್ಯಧರ್ಮ ಎಂದಿದ್ದಾನೆ. ಆದ್ದರಿಂದ ಮಗ ದಾರಿ ತಪ್ಪಿದ ಎಂಬ ಭಯ ಮೊದಲು ಬಿಡಿ.

ಈಗ ಎರಡನೆಯ ಶೀಲ. ಪಾಲಿಯಲ್ಲಿ ಇದಕ್ಕೆ 'ಅದಿನ್ನಾದಾನ' ಎನ್ನುತ್ತಾರೆ, ಅಂದರೆ ಕೊಡದೇ ಇದ್ದದ್ದನ್ನು ತೆಗೆದುಕೊಳ್ಳುವುದು. ಪಾಲಿ ವ್ಯಾಖ್ಯಾನಗಳ ಪ್ರಕಾರ ಈ ದೋಷ ಪೂರ್ಣವಾಗಲು ಐದು ಅಂಗ ಬೇಕು: ವಸ್ತು ಪರರದ್ದಾಗಿರಬೇಕು, ಅದು ತಿಳಿದಿರಬೇಕು, ಕದಿಯುವ ಮನಸ್ಸಿರಬೇಕು, ಪ್ರಯತ್ನವಿರಬೇಕು, ವಸ್ತು ಕೈಸೇರಬೇಕು. ನೀವು ಫೋನನ್ನು ಕದಿಯಲಿಲ್ಲ, ನೋಡಿ ಅಲ್ಲೇ ಇಟ್ಟಿರಿ. ಅಕ್ಷರಕ್ಕೆ ಹಿಡಿದರೆ ಇದು ಕಳ್ಳತನವಲ್ಲ, ಮಗನ ಮಾತು ಸ್ವಲ್ಪ ಹೆಚ್ಚಾಯಿತು.

ಆದರೆ ಅಷ್ಟಕ್ಕೆ ಸಮಾಧಾನ ಪಡಬೇಡಿ. ಅವನು ಸ್ನಾನಕ್ಕೆ ಹೋಗುವವರೆಗೆ ಕಾದಿರಿ ಅಲ್ಲವೇ? ಅವನು ಕೊಡುವುದಿಲ್ಲ ಎಂದು ನಿಮಗೆ ಗೊತ್ತಿತ್ತು. ಅದೂ ಅಲ್ಲದೆ ಆ ಫೋನಿನಲ್ಲಿ ಅವನ ಗುಟ್ಟು ಮಾತ್ರವಲ್ಲ, ಇನ್ನೊಂದು ಮನೆಯ ಹೆಣ್ಣುಮಗಳ ಗುಟ್ಟೂ ಇತ್ತು. ಆಕೆ ಅದನ್ನು ನಿಮಗೆ ಕೊಟ್ಟಿರಲಿಲ್ಲ. ನಮ್ಮ ಹಿರಿಯರು ಒಂಬತ್ತು ಸಂಗತಿಗಳನ್ನು ಗೋಪ್ಯವಾಗಿಡಬೇಕು ಎಂದಿದ್ದಾರೆ: ಆಯುಸ್ಸು, ಹಣ, ಮನೆಯ ಹುಳುಕು, ಮಂತ್ರ, ಔಷಧ, ದಾಂಪತ್ಯದ ಸಂಗತಿ, ದಾನ, ಮಾನ, ಅವಮಾನ. ಖಾಸಗಿತನ ಎಂಬುದು ಈಗಿನ ಹುಡುಗರು ಕಂಡುಹಿಡಿದದ್ದಲ್ಲ. 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಅದು ಮೂಲಭೂತ ಹಕ್ಕು ಎಂದಿತಲ್ಲ, ಆ ಮೊಕದ್ದಮೆ ಹೂಡಿದವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು.

ನಿಮ್ಮ ದೊಡ್ಡ ತಪ್ಪು ನೋಡಿದ್ದರಲ್ಲಿಲ್ಲ, ನಾದಿನಿಗೆ ಹೇಳಿದ್ದರಲ್ಲಿದೆ. ಬೌದ್ಧರ ಹತ್ತು ಅಕುಶಲ ಕರ್ಮಗಳಲ್ಲಿ 'ಪಿಸುಣಾವಾಚಾ' ಎಂಬುದೊಂದು. ನಮ್ಮ ಪೈಶುನ್ಯವೇ ಅದು, ಚಾಡಿಮಾತು. ನಿಮಗೆ ಒಡೆಯುವ ಉದ್ದೇಶವಿರಲಿಲ್ಲ, ಒಪ್ಪುತ್ತೇನೆ. ಆದರೂ ಮಾತು ಒಡೆಯಿತು.

ಇದನ್ನು ಎತ್ತರದಲ್ಲಿ ಕೂತು ಹೇಳುತ್ತಿಲ್ಲ. ಸುಮಾರು ಇಪ್ಪತ್ತು ವರ್ಷದ ಹಿಂದೆ ಜಾತಕ ತೋರಿಸಲು ಬಂದ ಒಬ್ಬ ತಂದೆ, ಮಗಳಿಗೆ ಹಿಂದೆ ಒಂದು ಸ್ನೇಹವಿತ್ತು, ಈಗಿಲ್ಲ ಎಂದು ನನ್ನೆದುರು ಕಣ್ಣೀರು ಹಾಕಿದ್ದರು. ಗಂಡಿನ ಕಡೆಯವರು ನನಗೂ ಬೇಕಾದವರು. 'ಹಿತಕ್ಕೆ' ಎಂದುಕೊಂಡು ಒಂದು ಮಾತು ಹೇಳಿದೆ. ಸಂಬಂಧ ಮುರಿಯಿತು. ಆ ತಂದೆ ಮತ್ತೆ ನನ್ನ ಮನೆಯ ಮೆಟ್ಟಿಲು ಹತ್ತಲಿಲ್ಲ. ಎರಡು ವರ್ಷ ಬಿಟ್ಟು ನಾನೇ ಹೋಗಿ ಕೈಮುಗಿದೆ. ಕ್ಷಮಿಸಿದರು, ಆದರೆ ಕಾಫಿ ಕುಡಿದು ಹೋಗಿ ಅನ್ನಲಿಲ್ಲ. ಅಂದಿನಿಂದ ಒಬ್ಬರ ಜಾತಕದ ಮಾತನ್ನು ಇನ್ನೊಬ್ಬರಿಗೆ ಹೇಳುವುದಿಲ್ಲ. ಜಾತಕ ನೋಡಿ ಹೆಣ್ಣಿನದೋ ಗಂಡಿನದೋ ನಡತೆ ಹೇಳಿ ಎಂದು ಬಂದವರನ್ನು ಹಾಗೇ ಕಳಿಸುತ್ತೇನೆ. ನಿಮ್ಮ ಮಗನ ಶುಕ್ರ–ಕುಜ ಯೋಗವನ್ನೂ ಅದಕ್ಕೇ ಇಲ್ಲಿ ಬಿಡಿಸುವುದಿಲ್ಲ. ನಡತೆ ಅವನ ಕೈಯಲ್ಲಿದೆ, ಗ್ರಹಕ್ಕೆ ಕಟ್ಟಬೇಡಿ.

ಇನ್ನು ಮಗನ ಭಾಗ. ಈ ಪತ್ರಿಕೆಯನ್ನು ಅವನಿಗೂ ಓದಲು ಕೊಡಿ.

ಅಪ್ಪಾ, ಶಿಬಿರದ ದಿನಗಳಲ್ಲಿ ಮೂರನೆಯ ಶೀಲವೆಂದರೆ ಪೂರ್ಣ ಬ್ರಹ್ಮಚರ್ಯ. ಮನೆಗೆ ಬಂದ ಮೇಲೆ ಗೃಹಸ್ಥರಿಗೆ ಅದು 'ಕಾಮೇಸು ಮಿಚ್ಛಾಚಾರ'ದಿಂದ ದೂರವಿರುವುದು. ಹಾಗೆಂದು ಅದು ಸಡಿಲವಾಯಿತು ಎಂದುಕೊಳ್ಳಬೇಡ. ಮಜ್ಝಿಮ ನಿಕಾಯದ ಸಾಲೇಯ್ಯಕ ಸುತ್ತದಲ್ಲಿ ಬುದ್ಧ ಬ್ರಾಹ್ಮಣ ಗೃಹಸ್ಥರಿಗೆ ಯಾರ ಹತ್ತಿರ ಹೋಗಬಾರದು ಎಂದು ಪಟ್ಟಿ ಹೇಳುತ್ತಾನೆ. ಪತಿಯುಳ್ಳವಳು, ನಿಶ್ಚಿತಾರ್ಥದ ಮಾಲೆ ಬಿದ್ದವಳು ಮಾತ್ರವಲ್ಲ, ತಂದೆ, ತಾಯಿ, ಅಣ್ಣ, ಅಕ್ಕಂದಿರ ರಕ್ಷಣೆಯಲ್ಲಿರುವವಳೂ ಅದರಲ್ಲಿದ್ದಾಳೆ. ಇಂದು ವಯಸ್ಸಿಗೆ ಬಂದ, ದುಡಿಯುವ ಹೆಣ್ಣುಮಗಳು ತನಗೆ ತಾನೇ ರಕ್ಷಕಿ ಎಂದು ನೀನು ಹೇಳಬಹುದು. ಒಪ್ಪೋಣ. ಆಗ ಪ್ರಶ್ನೆ ಇನ್ನೂ ಕಠಿಣವಾಗುತ್ತದೆ. ಆಕೆಯ ಪೂರ್ಣ ಒಪ್ಪಿಗೆ ಇದೆಯೇ? ನೀನು ಏನು ಮಾತು ಕೊಟ್ಟಿದ್ದೀ? ಮನೆಯಲ್ಲಿ ನಿನಗೆ ಹೆಣ್ಣು ನೋಡುತ್ತಿದ್ದಾರೆಂದು ಆಕೆಗೆ ಗೊತ್ತೇ? ನಿನ್ನನ್ನು ನೋಡಲು ಉಪ್ಪಿಟ್ಟು, ಕೇಸರಿಬಾತ್ ಮಾಡಿಕೊಂಡು ಕಾಯುವ ಮನೆಯವರಿಗೆ ಈಕೆಯ ವಿಷಯ ಗೊತ್ತೇ?

ಗುಟ್ಟು ಬೇರೆ, ಮೋಸ ಬೇರೆ. ಸಂದೇಶದಲ್ಲಿ ಏನಿದೆ ಎಂದು ತಾಯಿಗೆ ಹೇಳಬೇಕಾಗಿಲ್ಲ, ಅದು ಗುಟ್ಟು. ಆದರೆ ಮನಸ್ಸು ಒಂದು ಕಡೆ ಇಟ್ಟು ಇನ್ನೊಂದು ಮನೆಗೆ ಹೆಣ್ಣು ನೋಡಲು ಹೋಗುವುದು ಮೋಸ. ಅಲ್ಲಿ ನಾಲ್ಕನೆಯ ಶೀಲವೂ ಹೋಯಿತು. ವೇಳುದ್ವಾರ ಎಂಬ ಊರಿನ ಗೃಹಸ್ಥರಿಗೆ ಬುದ್ಧ ಕೊಟ್ಟ ಅಳತೆ ಸರಳವಾದದ್ದು: ನನಗೆ ಯಾರಾದರೂ ಮಾಡಿದರೆ ಬೇಡವೆನಿಸುವುದನ್ನು ನಾನು ಪರರಿಗೆ ಮಾಡಬಾರದು. ಈ ಅಳತೆಗೆ ನಿನ್ನನ್ನು ಇಟ್ಟು ನೋಡು. ಶೀಲಗಳಿಗೆ 'ಸಿಕ್ಖಾಪದ' ಎನ್ನುತ್ತಾರೆ, ತನಗೆ ತಾನೇ ಹಾಕಿಕೊಳ್ಳುವ ಪಾಠ. ತಾಯಿಯ ತಪ್ಪು ಎಣಿಸಲು ಅದನ್ನು ಬಳಸುವುದು ಸಲ್ಲದು.

ಆಕೆಯ ಫೋಟೋಗಳು ನಿನ್ನ ಹತ್ತಿರ ಇಟ್ಟ ನ್ಯಾಸ. ಸಂಬಂಧ ಉಳಿದರೂ ಮುರಿದರೂ ಅವು ಮತ್ತೊಬ್ಬರ ಕಣ್ಣಿಗೆ ಬೀಳಬಾರದು. ಒಬ್ಬರ ಗುಪ್ತಾಂಗದ ಚಿತ್ರವನ್ನು ಒಪ್ಪಿಗೆಯಿಲ್ಲದೆ ಕಳಿಸಿದರೆ ಐಟಿ ಕಾಯ್ದೆಯ 66ಇ ಕಲಮಿನಲ್ಲಿ ಮೂರು ವರ್ಷದವರೆಗೆ ಜೈಲು ಇದೆ. ಶೀಲ ಪಾಲಿಸುವವನಿಗೆ ಕಾನೂನಿನ ಹೆದರಿಕೆ ಬೇಕಾಗಬಾರದು.

ತಾಯೀ, ಶಾಂತಿಯ ವಿಷಯ. ಇದಕ್ಕೆ ಹೋಮ ಬೇಡ, ದುಡ್ಡು ಖರ್ಚು ಮಾಡಬೇಡಿ. ತಪ್ಪನ್ನು ಬಾಯಿಬಿಟ್ಟು ಹೇಳುವುದು, ಪಶ್ಚಾತ್ತಾಪ, ತಪಸ್ಸು, ಅಧ್ಯಯನ ಇವುಗಳಿಂದ ಪಾಪ ಕಳೆಯುತ್ತದೆ ಎಂದು ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯ ಹೇಳುತ್ತದೆ. ಬೆಳಿಗ್ಗೆ ಸ್ನಾನ ಮಾಡಿ ದೀಪ ಹಚ್ಚಿ, ಕನ್ನಡದಲ್ಲೇ ಸಂಕಲ್ಪ ಮಾಡಿ: ಇನ್ನು ಅವನ ಫೋನ್ ಮುಟ್ಟುವುದಿಲ್ಲ, ಆ ಹುಡುಗಿಯ ಮಾತು ಯಾರ ಹತ್ತಿರವೂ ಆಡುವುದಿಲ್ಲ. ಪೂಜೆಯ ಕೊನೆಗೆ ತಿಳಿದು ತಿಳಿಯದೆ ಮಾಡಿದ ತಪ್ಪಿಗೆ ದೇವರಲ್ಲಿ ಕ್ಷಮೆ ಕೇಳುತ್ತೀರಲ್ಲ, ಆಮೇಲೆ ಪಕ್ಕದ ಕೋಣೆಗೆ ಹೋಗಿ ಮಗನನ್ನೂ ಕೇಳಿ. "ತಪ್ಪಾಯಿತು ಕಣೋ" ಎಂದರೆ ಸಾಕು, ಜೊತೆಗೆ "ಆದರೆ ನೀನು" ಎಂದು ಸೇರಿಸಬೇಡಿ. ನಾದಿನಿಗೂ ಫೋನ್ ಮಾಡಿ, ನಾನು ಹೇಳಬಾರದಿತ್ತು, ಇಲ್ಲಿಗೆ ನಿಲ್ಲಿಸೋಣ ಎನ್ನಿ. ಅವನು ಬಾಯಿಬಿಟ್ಟು ಮನಸ್ಸು ಹೇಳುವವರೆಗೆ ಹೆಣ್ಣು ನೋಡುವ ಶಾಸ್ತ್ರ ನಿಲ್ಲಿಸಿ. ಮಗನಿಗೆ ಹದಿನಾರು ತುಂಬಿದರೆ ಸ್ನೇಹಿತನಂತೆ ನಡೆಸಿಕೊಳ್ಳಬೇಕು ಎಂದು ಹಿರಿಯರು ಹೇಳಿದ್ದಾರೆ, ಅವನಿಗೀಗ ಇಪ್ಪತ್ತೆಂಟು.

ಅವನು ಕೂಡಲೇ ಮಾತಾಡದಿದ್ದರೂ ಊಟಕ್ಕೆ ಕರೆಯುವುದನ್ನು ಬಿಡಬೇಡಿ. ಶುಭವಾಗಲಿ.