ಬೀಜಕೇಂದ್ರದ ಪಾಠ ಹೂಡುವವರಿಗೆ

ಪರಮಾಣು ಬೀಜಕೇಂದ್ರದ ಮಾದರಿಗಳಿಗೆ ಪಾಠಕ್ರಮ ಹೂಡುವ ಅಧ್ಯಾಪಕ ಮಿತ್ರರೇ, ದ್ರವಬಿಂದು, ಕವಚ, ಸಾಮೂಹಿಕ ಎಂಬ ಮೂರು ಮಾದರಿಗಳನ್ನೂ, ಒಬ್ಬನನ್ನೊಬ್ಬನು ಪದಚ್ಯುತಗೊಳಿಸಿದ ಅರಸರ ವಂಶಾವಳಿಯಂತೆ ಕಾಲಾನುಕ್ರಮದಲ್ಲಿ ಒಪ್ಪಿಸಿಬಿಡುವ ಆತುರಕ್ಕೆ ದಯಮಾಡಿ ಒಳಗಾಗದಿರಿ. 1939ರಲ್ಲಿ ಬೋರ್ ಮತ್ತು ವೀಲರ್ ವಿದಳನವನ್ನು ವಿವರಿಸಲು ಆಶ್ರಯಿಸಿದ ದ್ರವಬಿಂದುವು, ದಶಕದ ತರುವಾಯ ಮೇಯರ್ ಹಾಗೂ ಯೆನ್ಸನ್ ಕವಚಮಾದರಿಯನ್ನು ಪ್ರತಿಷ್ಠಾಪಿಸಿದೊಡನೆ ಅಳಿದುಹೋಗಲಿಲ್ಲ. ದ್ರವಬಿಂದುವಿನ ಬಂಧನಶಕ್ತಿಯ ಸೂತ್ರಕ್ಕೇ ತರಗತಿಯ ವೇಳೆಯೆಲ್ಲ ಸಂದು, ಕವಚಮಾದರಿಯು ಕಡೆಯ ವಾರದ ಪಾಲಾಗುವುದೂ ಉಂಟು; ಹಾಗಾಗಲು ಬಿಡಬೇಡಿ. ಸರಳ ಆಂದೋಲಕದ ಲೆಕ್ಕವು ಕವಚ ತುಂಬುವ ಮಾಂತ್ರಿಕ ಸಂಖ್ಯೆಗಳಲ್ಲಿ 2, 8, 20ರ ವರೆಗೆ ನೆಟ್ಟಗೆ ನಡೆದು, 28ನ್ನು ಕಾಣದೆ 40ಕ್ಕೆ ಹಾರುವುದನ್ನು ವಿದ್ಯಾರ್ಥಿಗಳು ತಾವೇ ಕೈಯಾರೆ ಬರೆದು ನೋಡಲಿ. ಸ್ಪಿನ್-ಕಕ್ಷೆಗಳ ಯುಗ್ಮನದ ಅಗತ್ಯ ಆಗಲೇ ಮನಸ್ಸಿಗೆ ನಾಟುವುದು. ಆಕ್ಸಿಜನ್-17ರ ಸ್ಪಿನ್ 5/2 ಎಂದು ಸರಿಯಾಗಿ ನುಡಿದ ಒಂಟಿಕಣದ ಎಣಿಕೆಯು ಫ್ಲೋರಿನ್-19ಕ್ಕೂ ಅದನ್ನೇ ಹೇಳಿ ಸೋಲುತ್ತದೆ, ಪ್ರಯೋಗದ ಬೆಲೆ 1/2. ಆ ಸೋಲನ್ನು ಮರೆಮಾಚದೆ, ಬೀಜಕೇಂದ್ರದ ವಿರೂಪವನ್ನೂ ಸಾಮೂಹಿಕ ಮಾದರಿಯನ್ನೂ ಕುರಿತ ಪಾಠವನ್ನು ಅಲ್ಲಿಂದಲೇ ಎತ್ತಿಕೊಳ್ಳಿ.