ಬೈಯುವುದು ಬೇಡ, ಕೇಳೋಣ



ಬಿ.ಪಿ., ಸಕ್ಕರೆ ಕಾಯಿಲೆಯ ಜೊತೆಗೆ ಈಗ ಕೊಲೆಸ್ಟರಾಲ್ ಮಾತೂ ನಮ್ಮ ಸಂಘಗಳಲ್ಲಿ ಕೇಳಿಬರುತ್ತಿದೆ. ಇದು ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು. ದೇಹಕ್ಕೆ ಬೇಕಾದದ್ದೇ. ಆದರೆ ಹೆಚ್ಚಾದರೆ ರಕ್ತನಾಳದ ಒಳಗೆ ಅಂಟಿ ದಾರಿ ಕಿರಿದಾಗುತ್ತದೆ. ಹೃದಯಾಘಾತ, ಲಕ್ವ ಆಗಬಹುದು. ಇದಕ್ಕೆ ನೋವಿಲ್ಲ, ಜ್ವರವಿಲ್ಲ. ರಕ್ತ ಪರೀಕ್ಷೆಯಿಂದಲೇ ತಿಳಿಯುವುದು. ಅದಕ್ಕೇ "ನನಗೇನಾಗ್ಯಾದ್ರಿ? ಗುಳಿಗಿ ಯಾಕ?" ಎನ್ನುವವರು ಬಹಳ.

ಇಂಥವರಿಗೆ ಬೈದರೆ, ಹೆದರಿಸಿದರೆ ಮಾತು ಮುಚ್ಚಿಡುತ್ತಾರೆ. ಕುಡಿತದ ಸಮಸ್ಯೆ ಇದ್ದವರೊಂದಿಗೆ ಕೆಲಸ ಮಾಡಿದ ಅಮೆರಿಕದ ಮನೋವಿಜ್ಞಾನಿ ವಿಲಿಯಂ ಮಿಲ್ಲರ್ 1983ರಲ್ಲಿ ಬೇರೊಂದು ದಾರಿಯನ್ನು ಬರೆದರು. ಅದೇ ಪ್ರೇರಣಾತ್ಮಕ ಸಮಾಲೋಚನೆ. ಸಾರ ಇಷ್ಟೇ: ಬದಲಾಗಬೇಕಾದ ಕಾರಣ ನಮ್ಮ ಬಾಯಿಂದಲ್ಲ, ಆಕೆಯ ಬಾಯಿಂದಲೇ ಬರಬೇಕು.

1. ಕೇಳಿರಿ: "ಅಕ್ಕಾ, ಡಾಕ್ಟರ್ ಹೇಳಿದ್ದು ನಿಮಗ ಹ್ಯಾಂಗ ಅನಸ್ತು?" ಆಕೆ "ಎಣ್ಣಿ ಕಡಿಮಿ ಆದ್ರ ಮನ್ಯಾಗ ಯಾರೂ ಉಣ್ಣಂಗಿಲ್ಲ" ಎಂದರೆ ವಾದ ಬೇಡ. ಅದು ಆಕೆಯ ನಿಜವಾದ ತೊಡಕು.

2. ಮನಸ್ಸು ಅಳೆಯಿರಿ: "ಬದಲಾಗಾಕ ಹತ್ತರಾಗ ಎಷ್ಟು ಮನಸ್ಸದ?" ಆಕೆ "ನಾಕು" ಎಂದರೆ, "ಇಷ್ಟ ಯಾಕ?" ಎನ್ನಬೇಡಿ. "ಒಂದು ಅನ್ನಲಿಲ್ಲ, ನಾಕು ಅಂದ್ರಿ, ಯಾಕ?" ಎನ್ನಿರಿ. "ಮಗಳ ಮದುವಿ ನೋಡಬೇಕ್ರಿ" ಎಂದಾಳು. ಅದೇ ಆಕೆಯ ಕಾರಣ.

3. ಒಂದೇ ಹೆಜ್ಜೆ, ಆಕೆಯೇ ಆರಿಸಲಿ: ನಮ್ಮ ಜೋಳದ ರೊಟ್ಟಿ, ತೊಗರಿಬೇಳೆ, ಪುಂಡಿಪಲ್ಯ ಒಳ್ಳೆಯ ಊಟವೇ; ಬಿಡಬೇಕಿಲ್ಲ. ಡಾಲ್ಡಾ ಬಿಡಬಹುದು. ಭಜಿ ಕರಿದ ಎಣ್ಣೆ ಮತ್ತೆ ಕಾಯಿಸದಿರಬಹುದು. ತಿಂಗಳಿಗೆ ತಲೆಗೆ ಅರ್ಧ ಕಿಲೋ ಎಣ್ಣೆ, ಅಂದರೆ ನಾಲ್ಕು ಜನರಿಗೆ ಎರಡು ಕಿಲೋ ಎಂದು ಅಳತೆ ಇಡಬಹುದು. ದಿನಾ ಅರ್ಧ ಗಂಟೆ ಚುರುಕಾಗಿ ನಡೆಯಬಹುದು. ತಂಬಾಕು ಬಿಡಬಹುದು.

4. ಗುಳಿಗೆ: ಡಾಕ್ಟರನ್ನು ಕೇಳದೆ ಬಿಡಬಾರದು. ಎದೆ ಬಿಗಿದು ಬೆವರು ಬಂದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಉಳಿತಾಯದ ರೂಢಿ ನಮಗೆ ಒಂದೇ ದಿನದಲ್ಲಿ ಬರಲಿಲ್ಲ. ವಾರವಾರ ಕೂಡಿ ಕುಳಿತದ್ದರಿಂದ ಬಂತು. ಇದೂ ಹಾಗೆಯೇ. ಮುಂದಿನ ವಾರ ಆಕೆಯನ್ನು ವಿಚಾರಿಸೋಣ. ಒಂದು ದಿನ ತಪ್ಪಿದ್ದರೂ ಮಾಡಿದ ದಿನಗಳನ್ನು ಮೆಚ್ಚೋಣ. ಸಂಘದಲ್ಲಿ ಆಡಿದ ಕಾಯಿಲೆಯ ಮಾತು ಓಣಿಗೆ ಹೋಗದಿರಲಿ.

ಚರ್ಚಿಸೋಣ:
• ನಮ್ಮ ಮನೆಗೆ ತಿಂಗಳಿಗೆ ಎಷ್ಟು ಎಣ್ಣೆ ಬೇಕಾಗುತ್ತಿದೆ?
• ಇಬ್ಬಿಬ್ಬರು ಕುಳಿತು, ಬೈಯದೆ, ಐದು ನಿಮಿಷ ಕೇಳುವುದನ್ನು ರೂಢಿ ಮಾಡೋಣ.